ಅಲಕಾಪುರಿಯ ಐದು ಅಕ್ಷರ



ಇವತ್ತಿನ ಮಾತಿಗೆ ಒಂದು ಚೂರು ಕಾಗದ, ಒಂದು ಪೆನ್ಸಿಲ್ ಬೇಕು. ಮನೆಯಲ್ಲಿ ಮಕ್ಕಳಿದ್ದರೆ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಡುಗೆಮನೆಯಲ್ಲಿ ಕೈ ಬಿಡುವಿಲ್ಲದವರು ಮನಸ್ಸಿನಲ್ಲೇ ಬರೆದುಕೊಂಡರೂ ಸಾಕು.

ನಾನೊಂದು ಹೆಸರು ಹೇಳುತ್ತೇನೆ. ಅದರ ಅಕ್ಷರಗಳನ್ನು ಬಿಡಿಬಿಡಿಯಾಗಿ ಬರೆದುಕೊಳ್ಳಿ. ಅ. ಲ. ಕಾ. ಪು. ರಿ. ಅಲಕಾಪುರಿ. ಇದು ವಡೋದರದ ಒಂದು ಬಡಾವಣೆ. ರೈಲ್ವೆ ನಿಲ್ದಾಣದ ಪಶ್ಚಿಮಕ್ಕಿದೆ. ಕಾಳಿದಾಸನ ಮೇಘದೂತದಲ್ಲಿ ಬರುವ ಕುಬೇರನ ಪಟ್ಟಣದ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ಬೇಂದ್ರೆಯವರ ಕನ್ನಡ ಮೇಘದೂತವನ್ನು ಓದಿದವರಿಗೆ ಆ ಪಟ್ಟಣ ಗೊತ್ತು. ನಾನಿರುವುದು ಈಗಿನ ಅಲಕಾಪುರಿಯಲ್ಲಿ. ಇಲ್ಲಿ ಕನ್ನಡದ ಮನೆಗಳು ಒಂದೊಂದು ಬೀದಿಯಲ್ಲಿ ಒಂದೊಂದು ಎಂಬಂತೆ ಚದುರಿವೆ.

ಆಟ ಇಷ್ಟೇ. ಈ ಐದು ಅಕ್ಷರಗಳಲ್ಲಿ ಬೇಕಾದವನ್ನು ಆರಿಸಿಕೊಳ್ಳಿ. ಹೇಗೆ ಬೇಕಾದರೂ ಜೋಡಿಸಿ. ಆದರೆ ಒಂದು ಅಕ್ಷರವನ್ನು ಒಂದೇ ಸಲ ಬಳಸಬೇಕು. ಜೋಡಿಸಿದ್ದು ಕನ್ನಡದ ಪದವಾಗಿರಬೇಕು. ಎಷ್ಟು ಪದ ಸಿಕ್ಕುತ್ತವೆ, ನೋಡಿ.

ಮೊದಲು ಸಿಕ್ಕುವುದು ಪುರಿ. ಅದು ಕಣ್ಣೆದುರಿಗೇ ಇದೆ. ಪಟ್ಟಣವೂ ಆದೀತು, ಕಡಲೆಪುರಿಯ ಪುರಿಯೂ ಆದೀತು. ಅದನ್ನೇ ತಿರುಗಿಸಿ. ರಿಪು. ಶತ್ರು ಎಂದು ಅರ್ಥ. ಮೂರನೆಯ, ನಾಲ್ಕನೆಯ ಅಕ್ಷರ ಹಿಡಿಯಿರಿ. ಕಾಪು. ಕಾವಲು, ರಕ್ಷೆ. ಮೂರನೆಯ ಅಕ್ಷರದ ಮುಂದೆ ಎರಡನೆಯದನ್ನು ತನ್ನಿ. ಕಾಲ. ಅದರ ಹಿಂದೆ ಮೊದಲ ಅಕ್ಷರವನ್ನು ಇಡಿ. ಅಕಾಲ. ಮೊದಲನೆಯದಕ್ಕೆ ಕೊನೆಯದನ್ನು ಸೇರಿಸಿ. ಅರಿ. ತಿಳಿ ಎಂದೂ ಆಗುತ್ತದೆ, ವೈರಿ ಎಂದೂ ಆಗುತ್ತದೆ. ಹೀಗೆ ಆರು ಪದ ಆಯಿತು. ನಿಮಗೆ ಏಳನೆಯದು ಸಿಕ್ಕಿದ್ದರೆ ನೀವು ನನಗಿಂತ ಚುರುಕು.

ಆರು ಪದ ಎಂದರೆ ಕಡಿಮೆ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಐದು ಅಕ್ಷರಗಳನ್ನು ಎರಡೆರಡಾಗಿ, ಮೂರು ಮೂರಾಗಿ, ನಾಲ್ಕಾಗಿ, ಐದಾಗಿ ಬೇರೆ ಬೇರೆ ಕ್ರಮದಲ್ಲಿ ಇಟ್ಟರೆ 300ಕ್ಕೂ ಹೆಚ್ಚು ಜೋಡಣೆ ಆಗುತ್ತವೆ. ಅಷ್ಟರಲ್ಲಿ ಆರೇಳು ಮಾತ್ರ ಕನ್ನಡ. ಉಳಿದವು ಬರೀ ಸದ್ದು. ಆ ಸದ್ದಿನ ನಡುವೆ ಪದವನ್ನು ಗುರುತಿಸುವ ಕಿವಿ ಎಲ್ಲಿಂದ ಬರುತ್ತದೆ? ಮನೆಯ ಮಾತಿನಿಂದ ಬರುತ್ತದೆ. ಹೊರನಾಡಿನ ಮಕ್ಕಳಿಗೆ ಈ ಆಟ ಯಾಕೆ ಬೇಕು ಎಂಬುದಕ್ಕೆ ನನ್ನ ಉತ್ತರ ಇದರಲ್ಲೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈ ಆಟದ ವಯಸ್ಸು ನೋಡೋಣ. ಪತ್ರಿಕೆಗಳ ರವಿವಾರದ ಪುಟದಲ್ಲಿ ಹುಟ್ಟಿದ್ದು, ಇಂಗ್ಲಿಷಿನಿಂದ ಬಂದದ್ದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಏಳನೆಯ ಶತಮಾನದ ಬಾಣಭಟ್ಟನ ಕಾದಂಬರಿಯನ್ನು ತೆಗೆಯಿರಿ. ಆರಂಭದಲ್ಲೇ ಶೂದ್ರಕ ಎಂಬ ರಾಜ ಬರುತ್ತಾನೆ. ಅವನು ಬಿಡುವಿನ ವೇಳೆಯನ್ನು ಹೇಗೆ ಕಳೆಯುತ್ತಿದ್ದ ಎಂದು ಬಾಣ ಪಟ್ಟಿ ಕೊಡುತ್ತಾನೆ. ಅದರಲ್ಲಿ ಮೂರು ಆಟಗಳ ಹೆಸರಿವೆ. ಅಕ್ಷರಚ್ಯುತಕ, ಮಾತ್ರಾಚ್ಯುತಕ, ಬಿಂದುಚ್ಯುತಕ. ಚ್ಯುತಕ ಎಂದರೆ ಬೀಳಿಸುವುದು. ಒಂದು ಅಕ್ಷರವನ್ನು ಬೀಳಿಸಿದರೆ ಬೇರೆ ಪದ ಏಳಬೇಕು. ಇಲ್ಲವೇ ಒಂದು ಮಾತ್ರೆಯನ್ನು ಬೀಳಿಸಬೇಕು. ಇಲ್ಲವೇ ಸೊನ್ನೆಯನ್ನು, ಅಂದರೆ ಅನುಸ್ವಾರವನ್ನು ಬೀಳಿಸಬೇಕು.

ಈ ಬಾಣನನ್ನು ಸಾಕಿದ ದೊರೆ ಕನೌಜದ ಹರ್ಷವರ್ಧನ. ವಡೋದರದಿಂದ ದಕ್ಷಿಣಕ್ಕೆ ಸುಮಾರು 70 ಕಿಲೋಮೀಟರ್ ಹೋದರೆ ಭರೂಚ್. ಅಲ್ಲಿ ನರ್ಮದೆ ಅಗಲವಾಗಿ ಹರಿಯುತ್ತಾಳೆ. ಆ ನದಿಯೇ ಹರ್ಷನಿಗೂ ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿಗೂ ಗಡಿಯಾಯಿತು. ಪುಲಕೇಶಿ ಹರ್ಷನನ್ನು ತಡೆದ ಕಥೆಯನ್ನು ಐಹೊಳೆಯ ಶಾಸನ ಹೇಳುತ್ತದೆ. ಅದರ ಕಾಲ 634. ಗಡಿ ಸೈನ್ಯವನ್ನು ತಡೆಯಿತು, ಬಾಣನನ್ನು ತಡೆಯಲಿಲ್ಲ. ಸುಮಾರು 1000 ವರ್ಷಗಳ ಹಿಂದೆ ಒಂದನೆಯ ನಾಗವರ್ಮ ಆ ಕಾದಂಬರಿಯನ್ನು ಕನ್ನಡಕ್ಕೆ ತಂದ. ಕರ್ನಾಟಕ ಕಾದಂಬರಿ ಎಂದು ನಾವು ಓದುವುದು ಅದನ್ನೇ.

ಅಲಕಾಪುರಿಗೆ ಇನ್ನೂ ಹತ್ತಿರದ ಒಂದು ಎಳೆ ಇದೆ. ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ನಮ್ಮ ಬಡಾವಣೆಗೆ ಅಂಟಿಕೊಂಡಂತೆ ಅಕೋಟಾ ಎಂಬ ಇನ್ನೊಂದು ಬಡಾವಣೆ ಇದೆ. ಹಳೆಯ ಹೆಸರು ಅಂಕೋಟ್ಟಕ. ಅಲ್ಲಿ ಸಿಕ್ಕ ಜೈನ ಕಂಚಿನ ವಿಗ್ರಹಗಳು ಬರೋಡಾ ಮ್ಯೂಸಿಯಂನಲ್ಲಿವೆ. 812ರಲ್ಲಿ ಈ ಅಂಕೋಟ್ಟಕಕ್ಕೆ ಸೇರಿದ ವಟಪದ್ರಕ ಎಂಬ ಹಳ್ಳಿಯನ್ನು ಒಬ್ಬ ಅರಸ ದಾನ ಕೊಟ್ಟ. ಆ ಹಳ್ಳಿಯೇ ಬೆಳೆದು ವಡೋದರವಾಯಿತು. ದಾನ ಕೊಟ್ಟವನು ಕರ್ಕ ಸುವರ್ಣವರ್ಷ. ರಾಷ್ಟ್ರಕೂಟರ ಗುಜರಾತ್ ಶಾಖೆಯವನು. ಚಿಕ್ಕ ವಯಸ್ಸಿನಲ್ಲೇ ಪಟ್ಟಕ್ಕೆ ಬಂದ ಅಮೋಘವರ್ಷ ನೃಪತುಂಗನಿಗೆ ಬೆಂಗಾವಲಾಗಿ ನಿಂತವನೂ ಇವನೇ. ಆ ನೃಪತುಂಗನ ಆಸ್ಥಾನದಲ್ಲಿ, 850ರ ಸುಮಾರಿಗೆ, ಕವಿರಾಜಮಾರ್ಗ ಹುಟ್ಟಿತು. ನಮಗೆ ದೊರೆತ ಕನ್ನಡದ ಮೊದಲ ಗ್ರಂಥ. ಅದು ಶಬ್ದಾಲಂಕಾರಗಳನ್ನು ಹೇಳುವಾಗ ಅಕ್ಷರಗಳನ್ನು ಹಿಂದೆ ಮುಂದೆ, ಅಡ್ಡ ಉದ್ದ ಓಡಿಸುವ ಚಿತ್ರಕವಿತ್ವಕ್ಕೂ ಜಾಗ ಕೊಡುತ್ತದೆ. ಕನ್ನಡ ಗ್ರಂಥವಾಗಿ ನಿಂತ ಮೊದಲ ಹೆಜ್ಜೆಯಲ್ಲೇ ಅಕ್ಷರದಾಟ ಜೊತೆಗಿತ್ತು. ವಡೋದರದ ಕನ್ನಡಿಗರು ಇದನ್ನು ಎದೆಯುಬ್ಬಿಸಿ ಹೇಳಬಹುದು.

ಇಲ್ಲಿಯವರೆಗೆ ಹೇಳಿದ್ದು ಎರಡು ಮಾತು. ಒಂದು, ಆಟದ ನಿಯಮ. ಎರಡು, ಅದರ ಹಿರಿತನ. ಈಗ ಬಾಣ ಹೆಸರಿಸಿದ ಆ ಮೂರು ಬಗೆಗಳನ್ನು ಕನ್ನಡದಲ್ಲಿ ಆಡಿ ನೋಡೋಣ. ಕಿವಿಗೊಟ್ಟು ಕೇಳಿ. ಈ ಆಟಕ್ಕೆ ಕಣ್ಣಿಗಿಂತ ಕಿವಿ ಮುಖ್ಯ, ರೇಡಿಯೊಗೆ ಹೇಳಿ ಮಾಡಿಸಿದಂತಿದೆ.

ಮೊದಲು ಅಕ್ಷರ ಬೀಳಿಸೋಣ. ನಗರ. ಮೂರು ಅಕ್ಷರ. ಕೊನೆಯದನ್ನು ಬಿಡಿ, ನಗ ಉಳಿಯಿತು. ಆಭರಣ. ಮೊದಲನೆಯದನ್ನು ಬಿಡಿ, ಗರ. ಗರ ಬಡಿದವನಂತೆ ನಿಂತ ಎನ್ನುತ್ತೇವಲ್ಲ, ಆ ಗರ. ನಡುವಿನದನ್ನು ಬಿಡಿ, ನರ. ಮನುಷ್ಯ. ಇನ್ನೊಂದು ಪದ, ಸಮರ. ಕೊನೆ ಬಿಟ್ಟರೆ ಸಮ. ಮೊದಲು ಬಿಟ್ಟರೆ ಮರ. ನಡು ಬಿಟ್ಟರೆ ಸರ. ಮೂರೂ ಕಡೆ ಪದ. ಉಲ್ಟಾ ಜೋಡಿಸಲೂ ಬಿಟ್ಟರೆ ರಸ ಎಂದು ನಾಲ್ಕನೆಯದೂ ಬರುತ್ತದೆ. ಯಾವ ಅಕ್ಷರ ತೆಗೆದರೂ ಬದುಕುವ ಇಂಥ ಮೂರಕ್ಷರದ ಪದಗಳು ಕನ್ನಡದಲ್ಲಿ ವಿರಳ. ಹುಡುಕಿದಷ್ಟೂ ಖುಷಿ.

ಈಗ ಸೊನ್ನೆ ಬೀಳಿಸೋಣ. ಗುಂಡಿ. ಸೊನ್ನೆ ತೆಗೆಯಿರಿ. ಗುಡಿ. ಬಂಡಿ, ಬಡಿ. ಮಂಡಿ, ಮಡಿ. ಹಿಂಡಿ, ಹಿಡಿ. ಕಂದ, ಕದ. ಅಂಗಳ, ಅಗಳ. ಅಗಳ ಎಂದರೆ ಕೋಟೆಯ ಸುತ್ತಲಿನ ಕಂದಕ. ಚಿತ್ರದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮಾತ್ರೆ. ದೀರ್ಘವನ್ನು ಹ್ರಸ್ವ ಮಾಡಿ. ಬಾಳೆ, ಬಳೆ. ನಾರಿ, ನರಿ. ನಾಡು, ನಡು. ಬೇಳೆ, ಬೆಳೆ. ಕೋಡು, ಕೊಡು. ಈ ಕೊನೆಯ ಎರಡು ಜೋಡಿಗಳನ್ನು ನೆನಪಿಡಿ. ಬೇಳೆ ಬೆಳೆ, ಕೋಡು ಕೊಡು. ಗುಜರಾತಿನ ಕನ್ನಡ ಮಕ್ಕಳ ವಿಷಯಕ್ಕೆ ಬಂದಾಗ ಇವು ಬೇಕಾಗುತ್ತವೆ.

ಬಾಣ ಹೇಳದ ನಾಲ್ಕನೆಯ ಬಗೆಯೊಂದನ್ನು ನಾನು ಸೇರಿಸುತ್ತೇನೆ. ಅದು ಕನ್ನಡಕ್ಕೆ ತುಂಬ ಒಗ್ಗುತ್ತದೆ. ಒತ್ತು ಬೀಳಿಸುವುದು. ಹಳ್ಳಿ. ಒತ್ತು ತೆಗೆಯಿರಿ. ಹಳಿ. ರೈಲು ಬಂತು. ಬಳ್ಳಿ, ಬಳಿ. ಎಲ್ಲೆ, ಎಲೆ. ನಲ್ಲಿ, ನಲಿ. ಒಂದು ಒತ್ತಿನಿಂದ ಅರ್ಥ ಎಷ್ಟು ದೂರ ಹೋಗುತ್ತದೆ ಎಂಬುದನ್ನು ಮಕ್ಕಳಿಗೆ ಕಲಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ಆಟದ ಬಗೆಗಳು ಇಷ್ಟಾದವು. ಅಕ್ಷರ, ಸೊನ್ನೆ, ಮಾತ್ರೆ, ಒತ್ತು. ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ದೊಡ್ಡ ಪದದ ಅಕ್ಷರಗಳಿಂದ ಚಿಕ್ಕ ಪದ ಮಾಡಿ ಎನ್ನುತ್ತೇವೆ. ಹಾಗಾದರೆ ಅಕ್ಷರ ಎಂದರೆ ಯಾವುದು? ಕಾ ಎಂಬುದು ಒಂದು ಅಕ್ಷರವೋ? ಅಥವಾ ಕ ಎಂಬ ಅಕ್ಷರಕ್ಕೆ ದೀರ್ಘ ಸೇರಿದ್ದೋ? ಅಥವಾ ಕ್ ಎಂಬ ವ್ಯಂಜನ ಮತ್ತು ಆ ಎಂಬ ಸ್ವರ, ಹೀಗೆ ಎರಡು ವರ್ಣಗಳೋ?

ಇಂಗ್ಲಿಷಿನಲ್ಲಿ ಈ ಪ್ರಶ್ನೆಯೇ ಇಲ್ಲ. ಅಲ್ಲಿ 26 ಬಿಡಿ ಅಕ್ಷರ. ಸ್ವರವೂ ಬಿಡಿ, ವ್ಯಂಜನವೂ ಬಿಡಿ. ಆಲ್‌ಫ್ರೆಡ್ ಬಟ್ಸ್ ಎಂಬ ಅಮೆರಿಕದ ವಾಸ್ತುಶಿಲ್ಪಿ 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದ. ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿದ. ಅದರ ಮೇಲೆ 100 ಬಿಲ್ಲೆಗಳ ಒಂದು ಆಟ ಕಟ್ಟಿದ. ಅದೇ ಸ್ಕ್ರ್ಯಾಬಲ್. ಅದರ ಕನ್ನಡ ರೂಪವನ್ನು ಹಾಗೆಯೇ ಮಾಡಲು ಹೊರಟರೆ ಏನಾಗುತ್ತದೆ ನೋಡಿ. ನಮ್ಮ ವರ್ಣಮಾಲೆ 49. ಅದರಲ್ಲಿ ವ್ಯಂಜನ 34, ಸ್ವರ 13. ಬರೀ ಕಾಗುಣಿತವೇ ಸುಮಾರು 450 ಆಗುತ್ತದೆ. ಒತ್ತಕ್ಷರಗಳು ಸೇರಿದರೆ ಲೆಕ್ಕ ಸಾವಿರಗಳಿಗೆ ಹೋಗುತ್ತದೆ. 100 ಬಿಲ್ಲೆಗಳಲ್ಲಿ ಕನ್ನಡ ಹಿಡಿಯುವುದಿಲ್ಲ.

ಭಾರತೀಯ ಭಾಷೆಗಳಿಗೆ ಇಂಥ ಆಟ ಕಟ್ಟುವ ಪ್ರಯತ್ನ ನಡೆಯದೆ ಇಲ್ಲ. ಬೆಂಗಳೂರಿನ ಮ್ಯಾಡ್‌ರ‍್ಯಾಟ್ ಗೇಮ್ಸ್ ಎಂಬ ಸಂಸ್ಥೆ ಅಕ್ಷರಿತ್ ಎಂಬ ಆಟವನ್ನು ಮೊದಲು ಹಿಂದಿಯಲ್ಲಿ ತಂದಿತು, ಆಮೇಲೆ ಬೇರೆ ಭಾರತೀಯ ಭಾಷೆಗಳಿಗೂ ವಿಸ್ತರಿಸಿತು. ಮೆಚ್ಚಬೇಕಾದ ಕೆಲಸ. ಆದರೆ ಮನೆಯಲ್ಲಿ ಆಡಲು ಬಿಲ್ಲೆ ಬೇಡ, ಹಲಗೆ ಬೇಡ. ನಿಯಮ ಸರಿಯಾಗಿದ್ದರೆ ಸಾಕು.

ಆ ನಿಯಮಕ್ಕೆ ಮೂರು ದಾರಿ ಇವೆ. ಮತ್ತೆ ಅಲಕಾಪುರಿಯನ್ನೇ ತೆಗೆದುಕೊಳ್ಳೋಣ.

ಮೊದಲನೆಯದು ನಾವು ಆರಂಭದಲ್ಲಿ ಆಡಿದ್ದು. ಕಾ ಎಂದರೆ ಕಾ. ಅದು ಕ ಆಗಲಾರದು, ಕಿ ಆಗಲಾರದು. ಬಾಯಲ್ಲಿ ಒಂದು ಸಲಕ್ಕೆ ಬಂದದ್ದು ಒಂದು ಅಕ್ಷರ. ಆರು ಪದ ಸಿಕ್ಕವು.

ಎರಡನೆಯದು ಗುಣಿತವನ್ನು ಸಡಿಲ ಬಿಡುವುದು. ಅ, ಲ, ಕ, ಪ, ರ ಎಂಬ ಐದನ್ನು ಇಟ್ಟುಕೊಂಡು ಯಾವ ಸ್ವರಚಿಹ್ನೆ ಬೇಕಾದರೂ ಹಚ್ಚುವುದು. ಆಗ ಪದಗಳು ನೆರೆಯಂತೆ ಬರುತ್ತವೆ. ಕಲೆ, ಕಾಲು, ಕೋಲು, ಕರು, ಪಾಲು, ರೂಪ, ಲೋಪ, ಅಪಾರ, ಪರಾಕು. ನಿಲ್ಲಿಸುವುದೇ ಕಷ್ಟ. ಆಟದ ಬಿಗಿ ಹೋಗಿಬಿಡುತ್ತದೆ.

ಮೂರನೆಯದು ವ್ಯಾಕರಣದ ದಾರಿ. ಶಾಲೆಯಲ್ಲಿ ಪದವನ್ನು ಬಿಡಿಸಿ ಬರೆಯಿರಿ ಎನ್ನುತ್ತಿದ್ದರಲ್ಲ, ಹಾಗೆ. ಅ. ಲ್, ಅ. ಕ್, ಆ. ಪ್, ಉ. ರ್, ಇ. ಒಂಬತ್ತು ವರ್ಣ. ಇವನ್ನು ಹೊಸದಾಗಿ ಕೂಡಿಸಿದರೆ ಕುರಿ ಬರುತ್ತದೆ, ಕಲಿ ಬರುತ್ತದೆ, ಪಾಲಕ ಬರುತ್ತದೆ. ದೊಡ್ಡವರಿಗೆ, ಅದರಲ್ಲೂ ಶಬ್ದಮಣಿದರ್ಪಣ ಓದಿದವರಿಗೆ ಇದು ಒಳ್ಳೆಯ ವ್ಯಾಯಾಮ. ಎಂಟು ವರ್ಷದ ಮಗುವಿಗೆ ತಲೆನೋವು.

ನನ್ನ ತೀರ್ಪು ಮೊದಲ ದಾರಿಯ ಕಡೆಗೆ. ಕನ್ನಡದ ಪದಬಂಧ ಕಟ್ಟುವವರು ಇದನ್ನು ಎಂದೋ ತೀರ್ಮಾನಿಸಿದ್ದಾರೆ. ನಮ್ಮ ಪತ್ರಿಕೆಗಳ ಪದಬಂಧದಲ್ಲಿ ಒಂದು ಚೌಕಕ್ಕೆ ಒಂದು ಪೂರ್ಣ ಅಕ್ಷರ. ಗುಣಿತ, ಒತ್ತು, ಸೊನ್ನೆ ಎಲ್ಲ ಸಮೇತ. ಅ.ನಾ. ಪ್ರಹ್ಲಾದರಾವ್ ಅಂಥವರು ಸಾವಿರ ಸಾವಿರ ಪದಬಂಧ ಕಟ್ಟಿದ್ದು ಈ ನಿಯಮದ ಮೇಲೆ. ಕನ್ನಡಿಗರ ನಾಲಿಗೆ ಪದವನ್ನು ಒಡೆಯುವುದೂ ಹೀಗೆಯೇ. ಓದು ಬಾರದ ಅಜ್ಜಿಗೂ ಅಲಕಾಪುರಿಯನ್ನು ನಿಧಾನವಾಗಿ ಹೇಳಿ ಎಂದರೆ ಅ, ಲ, ಕಾ, ಪು, ರಿ ಎಂದೇ ಹೇಳುತ್ತಾರೆ. ಕ್, ಆ ಎಂದು ಯಾರೂ ಹೇಳುವುದಿಲ್ಲ.

ಅಕ್ಷರ ಯಾವುದು ಎಂದು ಗೊತ್ತಾಯಿತು. ಬಾಯಿಗೆ ಒಂದು ಸಲಕ್ಕೆ ಬರುವುದೇ ಅಕ್ಷರ. ಆದರೆ ಬಾಯಿ ಎಲ್ಲ ಕಡೆ ಒಂದೇ ತರಹ ಇರುವುದಿಲ್ಲ. ವಡೋದರದ ಆಟೋ ಚಾಲಕನಿಗೆ ಅ, ಲ, ಕಾ ಎಂದು ಬಿಡಿಸಿ ಹೇಳಿ ನೋಡಿ. ಅವನು ತಿರುಗಿ ಹೇಳುವುದು ಅಲ್ಕಾಪುರಿ ಎಂದು. ಗುಜರಾತಿಯಲ್ಲಿ ಬರೆಯುವಾಗ ಲ ಪೂರ್ತಿ ಇರುತ್ತದೆ. ಹೇಳುವಾಗ ಅದರ ಅಕಾರ ಕರಗಿಹೋಗುತ್ತದೆ. ಇಲ್ಲಿ ಬೆಳೆದ ನಮ್ಮ ಮಕ್ಕಳೂ ಅಲ್ಕಾಪುರಿ ಎಂದೇ ಹೇಳುತ್ತಾರೆ. ಕನ್ನಡದಲ್ಲಿ ಬರೆ ಎಂದರೆ ಲಕಾರಕ್ಕೆ ಕಾ ಒತ್ತು ಕೊಟ್ಟು ಬರೆಯುತ್ತಾರೆ. ಆಗ ಅಕ್ಷರ ಐದಲ್ಲ, ನಾಲ್ಕು. ಅ, ಲ್ಕಾ, ಪು, ರಿ. ಕಾಲ ಹೋಯಿತು. ಅಕಾಲ ಹೋಯಿತು. ಕಾಪು ಹೋಯಿತು. ಉಳಿದದ್ದು ಪುರಿ, ರಿಪು, ಅರಿ. ಒಂದು ಅಕಾರವನ್ನು ನುಂಗಿದ್ದಕ್ಕೆ ಅರ್ಧ ಪದಗಳು ಹೋದವು.

ಅಹಮದಾಬಾದ್, ಸೂರತ್ ಇನ್ನೊಂದು ಕಷ್ಟ ತರುತ್ತವೆ. ಅವು ಅರ್ಧಾಕ್ಷರದಲ್ಲಿ ಮುಗಿಯುತ್ತವೆ. ಕನ್ನಡದ ಪದ ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತದೆ. ಬಸ್ಸನ್ನು ಬಸ್ಸು ಎನ್ನುತ್ತೇವೆ, ಬ್ಯಾಂಕನ್ನು ಬ್ಯಾಂಕು ಎನ್ನುತ್ತೇವೆ. ಹಾಗಾಗಿ ಆ ಕೊನೆಯ ದ್, ತ್ ಆಟದಲ್ಲಿ ಯಾವುದಕ್ಕೂ ಹೊಂದುವುದಿಲ್ಲ. ಅಹಮದಾಬಾದ್ ಎಷ್ಟು ಉದ್ದದ ಹೆಸರು! ನನಗೆ ಅದರಲ್ಲಿ ಸಿಕ್ಕಿದ್ದು ದಾಹ, ದಾಮ. ಅದೇ ವಡೋದರ ನೋಡಿ. ನಾಲ್ಕೇ ಅಕ್ಷರ. ವರ, ದರ, ರವ, ದವ. ದವ ಎಂದರೆ ಕಾಡುಗಿಚ್ಚು. ಹೆಸರಿನ ಉದ್ದ ಲೆಕ್ಕಕ್ಕಿಲ್ಲ. ಅಕ್ಷರಗಳು ಒಂದಕ್ಕೊಂದು ಹೊಂದುತ್ತವೆಯೇ ಎಂಬುದೇ ಲೆಕ್ಕ.

ಸರಿ. ಅಕ್ಷರ ಯಾವುದು ಎಂದು ನೋಡಿದೆವು. ಊರಿನ ಉಚ್ಚಾರ ಅದನ್ನು ಹೇಗೆ ಬದಲಿಸುತ್ತದೆ ಎಂದೂ ನೋಡಿದೆವು. ಇನ್ನು ಜಗಳದ ವಿಷಯ. ಜೋಡಿಸಿದ್ದು ಪದವೋ ಅಲ್ಲವೋ ಎಂದು ಹೇಳುವವರು ಯಾರು?

ಕಾಪು ಎಂದ ಕೂಡಲೇ ಉಡುಪಿಯವರು ಅದು ನಮ್ಮೂರು, 1901ರ ದೀಪಸ್ತಂಭ ಇರುವ ಊರು ಎನ್ನುತ್ತಾರೆ. ಊರಿನ ಹೆಸರು ಆಟದಲ್ಲಿ ನಡೆಯುವುದಿಲ್ಲ ಎಂದು ಇನ್ನೊಬ್ಬರ ತಕರಾರು. ಕಾಪಾಡು ಎನ್ನುವುದರೊಳಗೆ ಇರುವ ಕಾಪು ಪದವಲ್ಲವೇ ಎಂದು ಮೂರನೆಯವರು. ಸಂಸ್ಕೃತ ಬಲ್ಲವರೊಬ್ಬರು ಕಾಲರಿಪು ಎಂದು ಸಮಾಸ ಕಟ್ಟುತ್ತಾರೆ. ಯಮನ ಶತ್ರು, ಶಿವ. ನಾಲ್ಕು ಅಕ್ಷರದ ಪದ, ನಾಲ್ಕು ಅಂಕ ಕೊಡಿ ಎನ್ನುತ್ತಾರೆ. ನಾನು ಕೊಡುವುದಿಲ್ಲ. ಸಮಾಸ ಕಟ್ಟಲು ಹೊರಟರೆ ಯಾವ ಎರಡು ಪದವನ್ನಾದರೂ ಅಂಟಿಸಬಹುದು.

ನಿಘಂಟು ನೋಡಿದರಾಯಿತಲ್ಲ ಎನ್ನುತ್ತೀರಿ. ನಿಘಂಟಿಗೆ ನಮ್ಮಲ್ಲಿ ಬರವಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಇದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳಿವೆ. ಜಿ. ವೆಂಕಟಸುಬ್ಬಯ್ಯನವರು ಇಗೋ ಕನ್ನಡ ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಇಂಥ ಅನುಮಾನಗಳನ್ನೇ ಬಗೆಹರಿಸಿದರು. ಗುಜರಾತಿಯವರಿಗೂ ಈ ಹಟ ಇದೆ. ಗೊಂಡಲ್ ಸಂಸ್ಥಾನದ ದೊರೆ ಭಗವತ್‌ಸಿಂಹಜಿ ಒಂಬತ್ತು ಸಂಪುಟಗಳ ಭಗವದ್ಗೋಮಂಡಲ ಎಂಬ ಕೋಶವನ್ನು ಮಾಡಿಸಿದರು. ಸೂರತ್‌ನ ಕವಿ ನರ್ಮದ್ ಅದಕ್ಕೂ ಎಷ್ಟೋ ಮೊದಲೇ, 1873ರಲ್ಲಿ, ಒಬ್ಬರೇ ಕೂತು ನರ್ಮಕೋಶ ಹೊರತಂದಿದ್ದರು. ಪದಗಳನ್ನು ಕೂಡಿಹಾಕುವ ಪ್ರೀತಿ ಈ ನೆಲದಲ್ಲಿ ಚೆನ್ನಾಗಿದೆ.

ಆದರೂ ಮನೆಯ ಆಟದಲ್ಲಿ ನಿಘಂಟನ್ನು ಕೊನೆಯಲ್ಲಿ ತೆಗೆಯಿರಿ. ಮೊದಲು ಮನೆಯ ಹಿರಿಯರನ್ನು ಕೇಳಿ. ಧಾರವಾಡದ ಅಜ್ಜಿ ಒಂದು ಪದ ಹೇಳುತ್ತಾರೆ, ಕುಂದಾಪುರದ ಮಾವ ಇನ್ನೊಂದು ಹೇಳುತ್ತಾರೆ. ಅವರು ಅದನ್ನು ನಿಜವಾಗಿ ಬಳಸಿದ ಒಂದು ವಾಕ್ಯ ಹೇಳಲಿ. ಹೇಳಿದರೆ ಪದ ಗೆದ್ದಿತು. ಅಂಕಕ್ಕಿಂತ ಆ ವಾಕ್ಯ ದೊಡ್ಡದು. ಮಗು ಒಂದು ಪದವನ್ನು ಮಾತ್ರ ಕಲಿಯುವುದಿಲ್ಲ, ಅದು ಬದುಕಿದ್ದ ಮನೆಯನ್ನೂ ಕಲಿಯುತ್ತದೆ.

ಈಗ ಆರಂಭದಲ್ಲಿ ತಡೆಹಿಡಿದ ಮಾತಿಗೆ ಬರುತ್ತೇನೆ. ಹೊರನಾಡಿನ ಮಕ್ಕಳಿಗೆ ಇದು ಯಾಕೆ?

ವಡೋದರಕ್ಕೆ ಕನ್ನಡಿಗರು ಓದಲು ಬಂದಿದ್ದಾರೆ, ಕಲಿಸಲು ಬಂದಿದ್ದಾರೆ, ದುಡಿಯಲು ಬಂದಿದ್ದಾರೆ. ಮೈಸೂರಿನ ಎಂ.ಎನ್. ಶ್ರೀನಿವಾಸ್ 1951ರಲ್ಲಿ ಇಲ್ಲಿನ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯಕ್ಕೆ ಬಂದು ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಿದರು. ಪುಷ್ಪಮಾಲಾ ಎನ್., ಎನ್.ಎಸ್. ಹರ್ಷ ಅವರಂಥ ಕಲಾವಿದರು ಇಲ್ಲಿನ ಲಲಿತಕಲಾ ವಿಭಾಗದಲ್ಲಿ ಕಲಿತರು. 1960ರ ದಶಕದಲ್ಲಿ ಕೊಯಲಿಯ ತೈಲ ಶುದ್ಧೀಕರಣಾಗಾರ ಬಂತು, ಅದರ ಬೆನ್ನಿಗೆ ರಸಗೊಬ್ಬರ, ಪೆಟ್ರೋಕೆಮಿಕಲ್ ಕಾರ್ಖಾನೆಗಳು ಬಂದವು. ಎಂಜಿನಿಯರುಗಳ, ಬ್ಯಾಂಕಿನವರ ಸಂಸಾರಗಳು ಬಂದವು. ಇವರ ಮಕ್ಕಳು ಕನ್ನಡ ಆಡುತ್ತಾರೆ. ಓದುವುದಿಲ್ಲ, ಬರೆಯುವುದಿಲ್ಲ. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಗುಜರಾತಿ. ನಾಲ್ಕನೆಯ ಲಿಪಿಗೆ ಸಮಯ ಎಲ್ಲಿ ಎಂದು ತಂದೆ ತಾಯಿ ಕೈಬಿಡುತ್ತಾರೆ.

ಕೈಬಿಡಬೇಕಾಗಿಲ್ಲ. ಗುಜರಾತಿ ಲಿಪಿ ಕಲಿತ ಮಗುವಿಗೆ ಕನ್ನಡದ ಅರ್ಧ ಕೆಲಸ ಆಗಿಬಿಟ್ಟಿದೆ. ವ್ಯಂಜನಕ್ಕೆ ಸ್ವರಚಿಹ್ನೆ ಹಚ್ಚುವ ಕ್ರಮ ಎರಡಕ್ಕೂ ಒಂದೇ. ಕ, ಖ, ಗ, ಘ ಎಂಬ ಸಾಲೂ ಒಂದೇ. ಹಿಂದಿಗಿಲ್ಲದ ಳ ಗುಜರಾತಿಯಲ್ಲೂ ಇದೆ, ಆದ್ದರಿಂದ ಬಳೆಯನ್ನು ಬಲೆ ಎನ್ನುವ ಕಷ್ಟ ಈ ಮಕ್ಕಳಿಗಿಲ್ಲ. ತೊಡರುವುದು ಬೇರೆ ಕಡೆ. ಗುಜರಾತಿ ಬರಹದಲ್ಲಿ ಎ, ಏ ಎಂದು ಎರಡು ಇಲ್ಲ. ಒ, ಓ ಎಂದೂ ಇಲ್ಲ. ಒಂದೊಂದೇ. ಹಾಗಾಗಿ ಬೆಳೆಯೂ ಬೇಳೆಯೂ ಒಂದೇ ಕಾಗುಣಿತಕ್ಕೆ ಬೀಳುತ್ತವೆ. ಕೊಡು, ಕೋಡು ಒಂದಾಗುತ್ತವೆ. ನೆನಪಿಡಿ ಎಂದಿದ್ದ ಜೋಡಿಗಳು ಇವೇ. ಇದನ್ನು ಪಾಠ ಹೇಳಿ ತಿದ್ದಲು ಹೋದರೆ ಮಗು ಎದ್ದು ಹೋಗುತ್ತದೆ. ಮಾತ್ರೆ ಬೀಳಿಸುವ ಆಟ ಆಡಿಸಿ. ಬೇಳೆಯ ದೀರ್ಘ ತೆಗೆದರೆ ಹೊಲದಲ್ಲಿ ಬೆಳೆ ನಿಂತಿತು ಎನ್ನಿ. ಮತ್ತೆ ತಪ್ಪುವುದಿಲ್ಲ.

ಒಂದು ಸಂಜೆಯ ಆಟವನ್ನು ಹತ್ತಿರದಿಂದ ವಿವರಿಸುತ್ತೇನೆ. ಹಳೆಯ ಮದುವೆ ಕಾಗದಗಳ ಹಿಂಬದಿಯಲ್ಲಿ ದಪ್ಪ ಸ್ಕೆಚ್ ಪೆನ್ನಿನಿಂದ ಒಂದೊಂದೇ ಅಕ್ಷರ ಬರೆದು ಕತ್ತರಿಸಿಟ್ಟಿದ್ದೆವು. ಅಂಗೈ ಅಗಲದ ಚೀಟಿಗಳು. ನೆಲದ ಮೇಲೆ ನಾಲ್ಕು ಚೀಟಿ ಇಟ್ಟೆವು. ಸ, ರಿ, ಗ, ಮ. ಎರಡನೆಯ ತರಗತಿಯ ಹುಡುಗಿ ಮಂಡಿಯೂರಿ ಕೂತಳು. ಸ, ರಿ ಎರಡನ್ನು ಎಳೆದುಕೊಂಡು ಸರಿ ಎಂದಳು. ಮ ತಂದು ರಿ ಪಕ್ಕ ಇಟ್ಟು ಮರಿ ಎಂದಳು, ನಾಯಿಮರಿ. ಮ, ಗ ಜೋಡಿಸಿ ಮಗ. ಆಮೇಲೆ ಸುಮ್ಮನೆ ಗ ಚೀಟಿಯನ್ನು ರಿ ಪಕ್ಕ ತಳ್ಳಿದಳು. ಓದಿದಳು. ಗರಿ. ತಲೆಯೆತ್ತಿ ಎಲ್ಲರ ಮುಖ ನೋಡಿದಳು. ಇದು ಪದವಾ ಎಂದು ಕೇಳಿದಳು. ದಾವಣಗೆರೆ ಕಡೆಯ ಅವಳ ಅಜ್ಜಿ ನವಿಲುಗರಿ ಎಂದರು. ಹುಡುಗಿಗೆ ಅದು ಪೀಂಛು ಎಂದು ಗುಜರಾತಿಯಲ್ಲಿ ಗೊತ್ತಿತ್ತು. ಅಜ್ಜಿ ಅಲ್ಲಿಗೆ ಬಿಡಲಿಲ್ಲ. ತೆಂಗಿನ ಗರಿ, ಗರಿಗರಿ ಹಪ್ಪಳ, ಹೊಸ ನೋಟಿನ ಗರಿ ಎಂದು ಒಂದೊಂದೇ ತೆಗೆದರು. ಹುಡುಗಿ ಆ ಎರಡು ಚೀಟಿಗಳನ್ನು ಪಕ್ಕಕ್ಕೆ ಸರಿಸಿ, ಇವು ನನ್ನವು ಎಂದಳು.

ಅವಳು ಆ ಪದವನ್ನು ಹುಡುಕಿರಲಿಲ್ಲ. ಅಕ್ಷರ ತಳ್ಳಿದಾಗ ಸಿಕ್ಕಿತು. ಪಾಠಪುಸ್ತಕದಲ್ಲಿ ಪದ ಮೊದಲು ಬರುತ್ತದೆ, ಅಕ್ಷರ ಆಮೇಲೆ. ಈ ಆಟದಲ್ಲಿ ಅಕ್ಷರ ಕೈಯಲ್ಲಿರುತ್ತದೆ, ಪದ ತಾನಾಗಿ ಎದ್ದು ಬರುತ್ತದೆ. ಎದ್ದು ಬಂದದ್ದನ್ನು ಗುರುತಿಸಲು ಪಕ್ಕದಲ್ಲಿ ಕನ್ನಡ ಬಲ್ಲವರು ಒಬ್ಬರು ಬೇಕು. ಅಷ್ಟೇ ಬಂಡವಾಳ.

ಇದೇ ವಡೋದರದಲ್ಲಿ ಮೂರನೆಯ ಸಯಾಜಿರಾವ್ ಗಾಯಕವಾಡರು 1906ರ ಹೊತ್ತಿಗೆ ಇಡೀ ಸಂಸ್ಥಾನಕ್ಕೆ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದರು. 1910ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ಗ್ರಂಥಪಾಲಕನನ್ನು ಕರೆಸಿ ಊರೂರಿಗೆ ಪುಸ್ತಕ ತಲುಪುವ ಏರ್ಪಾಡು ಮಾಡಿದರು. ಮೈಸೂರಿನಂತೆ ಬರೋಡಾ ಸಂಸ್ಥಾನಕ್ಕೂ ಸ್ವಾತಂತ್ರ್ಯಕ್ಕೆ ಮೊದಲೇ ಸ್ವಂತ ರೇಡಿಯೊ ಕೇಂದ್ರ ಇತ್ತು. ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದ ಆರಂಭಿಸಿದ ಆಕಾಶವಾಣಿಯ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಅಕ್ಷರವನ್ನೂ ಧ್ವನಿಯನ್ನೂ ಜನರಿಗೆ ಮುಟ್ಟಿಸಲು ಎರಡು ಸಂಸ್ಥಾನಗಳು ಇಷ್ಟು ಮಾಡಿವೆ. ನಮ್ಮ ಪಾಲಿಗೆ ಉಳಿದಿರುವುದು ಒಂದು ಸಂಜೆ, ನಾಲ್ಕು ಚೀಟಿ.

ಸಮಯ ಮುಗಿಯುತ್ತಿದೆ. ಆಟವನ್ನು ಇವತ್ತೇ ಶುರು ಮಾಡಿ. ಮೊದಲ ವಾರ ಮೂರಕ್ಷರದ ಪದ ಕೊಡಿ. ಎರಡನೆಯ ವಾರ ನಾಲ್ಕು. ಒತ್ತಕ್ಷರ ಕಡಿಮೆ ಇರುವ ಪದ ಆರಿಸಿ. ಮಗು ಒಂದು ಪದ ಹೇಳಿದರೆ ಅದಕ್ಕೊಂದು ವಾಕ್ಯ ನೀವು ಹೇಳಿ. ತಪ್ಪು ಜೋಡಣೆಗೆ ಅಂಕ ಕಳೆಯಬೇಡಿ.

ಈ ವಾರಕ್ಕೆ ನಾನೊಂದು ಪದ ಕೊಡುತ್ತೇನೆ. ಬರೆದುಕೊಳ್ಳಿ. ಕ, ರು, ನಾ, ಡು. ಕರುನಾಡು. ಕರು, ನಾಡು ಎಂಬ ಎರಡು ಪದ ಅಲ್ಲೇ ಎದುರಿಗಿವೆ, ಅವಕ್ಕೆ ಅಂಕವಿಲ್ಲ. ಬೇರೆ ಮೂರಾದರೂ ಇವೆ. ಒಂದು ಬಾಳೆಯ ಪಟ್ಟೆಯಲ್ಲಿ ಸಿಕ್ಕುತ್ತದೆ, ಒಂದು ಸ್ವರ್ಗದಲ್ಲಿ, ಇನ್ನೊಂದು ಬಲು ಎಂಬ ಅರ್ಥದಲ್ಲಿ. ಸಿಗದಿದ್ದರೆ ಊರಿಗೆ ಫೋನ್ ಮಾಡಿ. ಅಜ್ಜ ಅಜ್ಜಿಯನ್ನು ಮಕ್ಕಳೇ ಕೇಳಲಿ, ಕನ್ನಡದಲ್ಲೇ ಕೇಳಲಿ.